ಪೊಲೀಸ್ ವಿಚಾರಣೆ ಮತ್ತು ಒತ್ತಡದ ತಪ್ಪೊಪ್ಪಿಗೆ: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ವಿಜಯಪುರ ನಗರ ಹಾಗೂ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಸಾರ್ವಜನಿಕರ ಮತ್ತು ಉಚಿತ ಕಾನೂನು ನೆರವು ಕೋರುವ ಅರ್ಜಿದಾರರ ಮಾಹಿತಿಗಾಗಿ ಈ ಕೆಳಗಿನ ವಿವರಣೆಯನ್ನು ನೀಡಲಾಗಿದೆ.

1. ಪೀಠಿಕೆ

ಅಪರಾಧ ಪ್ರಕರಣದ ತನಿಖೆಯಲ್ಲಿ ಸಂಬಂಧಪಟ್ಟ ವ್ಯಕ್ತಿಗಳನ್ನು ಕರೆಯಿಸಿ ಪ್ರಶ್ನಿಸುವುದು ಕಾನೂನುಬದ್ಧ ಕ್ರಮವಾಗಿರುತ್ತದೆ. ಆದರೆ "ತಾನೇ ಮಾಡಿದ್ದೆಂದು ಒಪ್ಪಿಕೊಂಡಿದ್ದಾನೆ" ಎಂಬ ಸುದ್ದಿ ಊರಿನಲ್ಲಿ ಹರಡಿದ ಕೂಡಲೇ ಆ ವ್ಯಕ್ತಿಯನ್ನು ಅಪರಾಧಿಯೆಂದು ನಂಬಲಾಗುತ್ತದೆ. ಇನ್ನೇನೂ ಉಳಿದಿಲ್ಲವೆಂದು ತಿಳಿದು ಮನೆಯವರೂ ವಕೀಲರನ್ನು ಕಾಣುವ ಪ್ರಯತ್ನವನ್ನು ಕೈಬಿಡುವುದುಂಟು.

ಕಾನೂನು ಹಾಗೆ ನಂಬುವುದಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲವೆಂಬ ನಿಯಮವು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಲ್ಲಿಯೇ ಇದ್ದಿತು. ದಿನಾಂಕ 01-07-2024ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 23ನೇ ಕಲಮಿನಲ್ಲಿ ಅದು ಮುಂದುವರಿದಿದೆ. ಬೆದರಿಕೆ, ಆಮಿಷ, ಬಲವಂತ ಅಥವಾ ಭರವಸೆಯಿಂದ ಪಡೆದ ತಪ್ಪೊಪ್ಪಿಗೆಯು ಅಗ್ರಾಹ್ಯವೆಂದು 22ನೇ ಕಲಮು ಹೇಳುತ್ತದೆ. ಇದಕ್ಕೆ ಕಾರಣ, ಒತ್ತಡದಲ್ಲಿ ನಿರಪರಾಧಿಯೂ ತಪ್ಪು ಒಪ್ಪಿಕೊಳ್ಳುವ ಸಂಭವವಿರುವುದು.

2. ನಿರಪರಾಧಿಯು ತಪ್ಪೊಪ್ಪಿಕೊಳ್ಳಲು ಕಾರಣಗಳು

ಉದಾಹರಣೆಗೆ, ತೋಟವೊಂದರಲ್ಲಿ ಪಂಪ್‌ಸೆಟ್ ಕಳುವಾಗಿದೆ ಎಂದು ಭಾವಿಸೋಣ. ಅಲ್ಲಿ ಕೆಲಸ ಮಾಡುವ ಕೂಲಿಕಾರನನ್ನು ಠಾಣೆಗೆ ಕರೆಯಿಸಲಾಗುತ್ತದೆ. ರಾತ್ರಿಯಾದರೂ ಪ್ರಶ್ನೆಗಳು ನಿಲ್ಲುವುದಿಲ್ಲ. ಮನೆಗೆ ಸುದ್ದಿ ಹೋಗಿಲ್ಲ, ನಿದ್ರೆ, ಊಟವಿಲ್ಲ. "ಒಪ್ಪಿಕೊಂಡರೆ ಈಗಲೇ ಮನೆಗೆ ಹೋಗಬಹುದು" ಎಂಬ ಮಾತು ಕಿವಿಗೆ ಬೀಳುತ್ತದೆ. ಆಗ ಆತನ ಮನಸ್ಸಿನಲ್ಲಿ ನಡೆಯುವುದು ಸರಳವಾದ ಲೆಕ್ಕಾಚಾರ. ಒಪ್ಪಿಕೊಂಡರೆ ದೊರೆಯುವ ಬಿಡುಗಡೆ ಕಣ್ಣೆದುರಿಗಿದೆ, ಶಿಕ್ಷೆಯಾದರೋ ದೂರದಲ್ಲಿದೆ. "ನಾನು ಮಾಡಿಲ್ಲ, ಸತ್ಯ ಮುಂದೆ ಹೊರಬಂದೇ ಬರುತ್ತದೆ" ಎಂಬ ನಂಬಿಕೆಯೇ ನಿರಪರಾಧಿಯನ್ನು ಒಪ್ಪಿಗೆಯತ್ತ ನೂಕುತ್ತದೆ.

ಅಮೆರಿಕದ ಮನೋವಿಜ್ಞಾನಿಗಳಾದ ಕ್ಯಾಸಿನ್ ಮತ್ತು ರೈಟ್ಸ್‌ಮನ್ 1985ರಲ್ಲಿ ಸುಳ್ಳು ತಪ್ಪೊಪ್ಪಿಗೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು:

(ಅ) ಯಾರೂ ಒತ್ತಾಯಿಸದಿದ್ದರೂ, ಮಗನನ್ನೋ ತಮ್ಮನನ್ನೋ ಉಳಿಸುವಂತಹ ಉದ್ದೇಶದಿಂದ ತಾನಾಗಿಯೇ ಒಪ್ಪಿಕೊಳ್ಳುವುದು.
(ಆ) ತಾನು ಮಾಡಿಲ್ಲವೆಂದು ತಿಳಿದಿದ್ದರೂ ಒತ್ತಡದಿಂದ ಪಾರಾಗಲು ಒಪ್ಪಿಕೊಳ್ಳುವುದು.
(ಇ) ಪದೇ ಪದೇ ಕೇಳಿದ ಪ್ರಶ್ನೆಗಳಿಂದ ಗೊಂದಲಕ್ಕೊಳಗಾಗಿ, ತಾನೇ ಮಾಡಿರಬಹುದೆಂದು ನಂಬಿಬಿಡುವುದು.

ಮೂರನೆಯ ಬಗೆಯು ಅಸಂಭವವೆಂದು ತೋರಬಹುದು. ಆದರೆ 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮುಟ್ಟಬಾರದೆಂದು ಹೇಳಿದ್ದ ಕೀಲಿಯನ್ನು ಒತ್ತಿ ಗಣಕಯಂತ್ರವನ್ನು ಕೆಡಿಸಿದರೆಂದು ವಿದ್ಯಾರ್ಥಿಗಳ ಮೇಲೆ ಸುಳ್ಳು ಆಪಾದನೆ ಹೊರಿಸಲಾಯಿತು. ಅವರಲ್ಲಿ ಶೇ. 69ರಷ್ಟು ಮಂದಿ ತಪ್ಪೊಪ್ಪಿಗೆಗೆ ಸಹಿ ಮಾಡಿದರು, ಶೇ. 28ರಷ್ಟು ಮಂದಿ ತಾವೇ ಕೆಡಿಸಿದ್ದೆಂದು ನಂಬಿದರು. ಅಲ್ಲಿ ಯಾರೂ ಯಾರನ್ನೂ ಹೊಡೆದಿರಲಿಲ್ಲ. ದೈಹಿಕ ಹಿಂಸೆಯಿಲ್ಲದೆಯೂ ಸುಳ್ಳು ಒಪ್ಪಿಗೆ ಹೊರಬರುವುದೆಂಬುದು ಇದರಿಂದ ತಿಳಿಯುತ್ತದೆ. ಅಪ್ರಾಪ್ತ ವಯಸ್ಕರು, ಬುದ್ಧಿಮಾಂದ್ಯರು, ಅನಕ್ಷರಸ್ಥರು ಹಾಗೂ ವಿಚಾರಣೆಯ ಭಾಷೆ ಚೆನ್ನಾಗಿ ಬಾರದವರಿಗೆ ಈ ಅಪಾಯ ಹೆಚ್ಚು.

3. ಕರ್ನಾಟಕದ ಎರಡು ಪ್ರಕರಣಗಳು

ಮನಸ್ಸಿನ ಮೇಲಿನ ಬಲವಂತದ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವು ವಿವರವಾಗಿ ಪರಿಶೀಲಿಸಿದ್ದು "ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ" ಪ್ರಕರಣದಲ್ಲಿ. ದಿನಾಂಕ 05-05-2010ರ ಸದರಿ ತೀರ್ಪಿನಂತೆ, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಹಾಗೂ ಮೆದುಳಿನ ತರಂಗ ಪರೀಕ್ಷೆಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೇ ಅನುಚ್ಛೇದವೇ ಇದಕ್ಕೆ ಮುಖ್ಯ ಆಧಾರ.

ಎರಡನೆಯ ಪ್ರಕರಣವು ತಪ್ಪೊಪ್ಪಿಗೆಗಿಂತ ಹೆಚ್ಚಾಗಿ, ತನಿಖೆಯು ಮೊದಲೇ ಒಂದು ತೀರ್ಮಾನಕ್ಕೆ ಅಂಟಿಕೊಂಡರೆ ಆಗುವ ಅನಾಹುತಕ್ಕೆ ನಿದರ್ಶನ. ಕುಶಾಲನಗರ ಭಾಗದ ಬುಡಕಟ್ಟು ಸಮುದಾಯದ ಕೂಲಿ ಕಾರ್ಮಿಕರೊಬ್ಬರ ಪತ್ನಿ 2020ರಲ್ಲಿ ಕಾಣೆಯಾಗಿದ್ದರು. ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣಾ ವ್ಯಾಪ್ತಿಯಲ್ಲಿ ದೊರೆತ ಅಸ್ಥಿಪಂಜರವು ಆಕೆಯದೇ ಎಂದು ಭಾವಿಸಿ, ಪತಿಯ ವಿರುದ್ಧ ಕೊಲೆ ಆರೋಪ ಹೊರಿಸಲಾಯಿತು. ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ಡಿಎನ್‌ಎ ವರದಿ ತಾಳೆಯಾಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡರು. ಮೈಸೂರಿನ ಸೆಷನ್ಸ್ ನ್ಯಾಯಾಲಯವು ಪತಿಯನ್ನು ಖುಲಾಸೆಗೊಳಿಸಿ ರೂ. 1 ಲಕ್ಷ ಪರಿಹಾರಕ್ಕೆ ಆದೇಶಿಸಿತು. ನಡೆಯದ ಕೊಲೆಗೂ ಒಬ್ಬ ಆರೋಪಿ ದೊರೆಯಬಹುದೆಂಬುದನ್ನು ಸಾರ್ವಜನಿಕರು ಗಮನಿಸಬೇಕು.

4. ವಿಚಾರಣೆಯ ಸಂದರ್ಭದಲ್ಲಿನ ಹಕ್ಕುಗಳು

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಪ್ರಕಾರ:

(1) ಮಹಿಳೆಯರು, 15 ವರ್ಷದೊಳಗಿನ ಬಾಲಕರು, 60 ವರ್ಷ ಮೀರಿದ ಪುರುಷರು, ಅಂಗವಿಕಲರು ಹಾಗೂ ತೀವ್ರ ಅಸ್ವಸ್ಥರನ್ನು ಸಾಕ್ಷಿಗಳಾಗಿ ವಿಚಾರಿಸುವಾಗ ಅವರು ವಾಸವಿರುವ ಸ್ಥಳದ ಹೊರತು ಬೇರೆಡೆ ಹಾಜರಾಗುವಂತೆ ಒತ್ತಾಯಿಸುವಂತಿಲ್ಲ (ಕಲಂ 179).
(2) ತನಿಖೆಯ ವೇಳೆ ಪೊಲೀಸರಿಗೆ ನೀಡಿದ ಹೇಳಿಕೆಗೆ ಹೇಳಿಕೆದಾರರ ಸಹಿ ಪಡೆಯುವಂತಿಲ್ಲ (ಕಲಂ 181). ಖಾಲಿ ಕಾಗದಕ್ಕೆ ಯಾವ ಕಾರಣಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕತಕ್ಕದ್ದಲ್ಲ.
(3) ದಸ್ತಗಿರಿಯ ಕಾರಣವನ್ನು ತಿಳಿಸತಕ್ಕದ್ದು. ಸಂಬಂಧಿಕರಿಗೆ ಅಥವಾ ಸ್ನೇಹಿತರಿಗೆ ಮಾಹಿತಿ ನೀಡತಕ್ಕದ್ದು (ಕಲಂ 47 ಮತ್ತು 48).
(4) ವಿಚಾರಣೆಯ ಅವಧಿಯುದ್ದಕ್ಕೂ ಅಲ್ಲದಿದ್ದರೂ, ಆ ಅವಧಿಯಲ್ಲಿ ತನ್ನ ಆಯ್ಕೆಯ ವಕೀಲರನ್ನು ಭೇಟಿಯಾಗಲು ದಸ್ತಗಿರಿಯಾದ ವ್ಯಕ್ತಿಗೆ ಹಕ್ಕಿದೆ (ಕಲಂ 38).
(5) ದಸ್ತಗಿರಿಯ ನಂತರ ವೈದ್ಯಕೀಯ ತಪಾಸಣೆ ನಡೆಸತಕ್ಕದ್ದು (ಕಲಂ 53). ಗಾಯಗಳಿದ್ದಲ್ಲಿ ವೈದ್ಯಾಧಿಕಾರಿಗೆ ತೋರಿಸಿ ದಾಖಲಿಸಿಕೊಳ್ಳಬೇಕು.
(6) ಪ್ರಯಾಣದ ಸಮಯವನ್ನು ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸತಕ್ಕದ್ದು (ಕಲಂ 58).

ಇವಲ್ಲದೆ, ದಿನಾಂಕ 02-12-2020ರಂದು ಸರ್ವೋಚ್ಚ ನ್ಯಾಯಾಲಯವು ಪ್ರತಿ ಠಾಣೆಯಲ್ಲಿಯೂ ಸಿಸಿಟಿವಿ ಕ್ಯಾಮೆರಾ ಅಳವಡಿಸುವಂತೆ ಆದೇಶಿಸಿದೆ. ತಪ್ಪೊಪ್ಪಿಗೆ ಪಡೆಯುವ ಸಲುವಾಗಿ ನೋವುಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮಿನಡಿ 7 ವರ್ಷಗಳವರೆಗೆ, ತೀವ್ರ ಗಾಯವಾದಲ್ಲಿ 10 ವರ್ಷಗಳವರೆಗೆ ಕಾರಾವಾಸಕ್ಕೆ ಗುರಿಪಡಿಸಬಹುದಾದ ಅಪರಾಧವಾಗಿದೆ.

5. ವಿಶೇಷವಾಗಿ ಗಮನಿಸಬೇಕಾದ ಎರಡು ಅಂಶಗಳು

ಪೊಲೀಸರ ಮುಂದೆ ಹೇಳಿದ್ದೆಲ್ಲವೂ ನಿರರ್ಥಕವೆಂದು ಭಾವಿಸಬಾರದು. ಆರೋಪಿಯು ನೀಡಿದ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದಲ್ಲಿ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಿನ ಭಾಗವನ್ನು ಮಾತ್ರ ಸಾಕ್ಷ್ಯವಾಗಿ ಸ್ವೀಕರಿಸಬಹುದು. ಆದ್ದರಿಂದ ಪಂಚನಾಮೆಗೆ ಸಹಿ ಹಾಕುವ ಮೊದಲು ಅದನ್ನು ಓದಿಸಿ ಕೇಳುವುದು ಅಗತ್ಯ. ಪಂಚರಾಗಿ ಹೋದವರು ತಾವು ಕಣ್ಣಾರೆ ಕಂಡದ್ದಕ್ಕೆ ಮಾತ್ರ ಸಹಿ ಹಾಕಬೇಕು.

ಎರಡನೆಯದಾಗಿ, 183ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ದಾಖಲಿಸಿಕೊಂಡ ತಪ್ಪೊಪ್ಪಿಗೆಯು ಸಾಕ್ಷ್ಯವಾಗುತ್ತದೆ. ಹೇಳಿಕೆ ನೀಡುವುದು ಕಡ್ಡಾಯವಲ್ಲವೆಂದೂ, ನೀಡಿದರೆ ವಿರುದ್ಧವಾಗಿ ಬಳಕೆಯಾಗಬಹುದೆಂದೂ ಅವರು ಮೊದಲೇ ತಿಳಿಸುತ್ತಾರೆ. ಬೆದರಿಕೆಯಿದ್ದಲ್ಲಿ ಅದನ್ನು ಹೇಳಲು ಇದೇ ಸೂಕ್ತ ಸಮಯ. ಇಷ್ಟವಿಲ್ಲವೆಂದು ತಿಳಿಸಿದ ವ್ಯಕ್ತಿಯನ್ನು ಪೊಲೀಸ್ ವಶಕ್ಕೆ ಒಪ್ಪಿಸಲು ಮ್ಯಾಜಿಸ್ಟ್ರೇಟರು ಅನುಮತಿಸತಕ್ಕದ್ದಲ್ಲ.

6. ಉಚಿತ ಕಾನೂನು ನೆರವಿಗೆ ಅರ್ಜಿ ಸಲ್ಲಿಸುವ ವಿಧಾನ

ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಕಲಮಿನಂತೆ, ಅಭಿರಕ್ಷೆಯಲ್ಲಿರುವ ವ್ಯಕ್ತಿಗಳು, ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ಹೆಸರು, ವಿಳಾಸ, ಪ್ರಕರಣದ ವಿವರ ಹಾಗೂ ಅಗತ್ಯವಿರುವ ನೆರವನ್ನು ಬಿಳಿ ಹಾಳೆಯಲ್ಲಿ ಬರೆದು ವಿಜಯಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಬರೆಯಲು ಬಾರದವರು ಮೌಖಿಕವಾಗಿ ತಿಳಿಸಬಹುದು. ಕಾರಾಗೃಹದಲ್ಲಿರುವವರು ಅಧೀಕ್ಷಕರ ಮೂಲಕ ಅರ್ಜಿ ಕಳುಹಿಸಬಹುದು. ದೂರವಾಣಿ ಸಹಾಯವಾಣಿ ಸಂಖ್ಯೆ: 15100.

ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿ ಯಾರನ್ನಾದರೂ ದಸ್ತಗಿರಿ ಮಾಡಿದ ವಿಷಯ ತಿಳಿದ ಕೂಡಲೇ ಕುಟುಂಬದವರು ದಿನಾಂಕ, ಸಮಯ ಹಾಗೂ ಠಾಣೆಯ ಹೆಸರನ್ನು ಬರೆದಿಟ್ಟುಕೊಂಡು ಅದೇ ದಿನ ಅರ್ಜಿ ಸಲ್ಲಿಸುವುದು ಸೂಕ್ತ. "ಒಪ್ಪಿಕೊಂಡಿದ್ದಾನಂತೆ" ಎಂಬ ಮಾತು ಕೇಳಿ ಬಂದರೂ ಅರ್ಜಿಯನ್ನು ತಡೆಹಿಡಿಯಬಾರದು. ವಕೀಲರ ನೆರವು ಅತಿ ಹೆಚ್ಚು ಅಗತ್ಯವಾಗುವುದು ಆಗಲೇ.