ಬೆಂಕಿ ರೋಗಕ್ಕೆ ಭತ್ತ ಒಡ್ಡಿದ ಗಾಳ

ಭತ್ತದ ಬೆಂಕಿ ರೋಗಕ್ಕೆ ಕಾರಣ ಮ್ಯಾಗ್ನಪೋರ್ಥೆ ಒರೈಝೆ ಎಂಬ ಶಿಲೀಂಧ್ರ. ಇಬ್ಬನಿಯಿಂದ ಒದ್ದೆಯಾದ ಗರಿಯ ಮೇಲೆ ಅದರ ಬೀಜಕಣ ಮೊಳೆತಾಗ, ಮೊಳಕೆಯ ತುದಿಯಲ್ಲಿ ಕಪ್ಪು ಗೋಡೆಯ ಉಬ್ಬಿದ ಕೋಶವೊಂದು ಮೂಡುತ್ತದೆ. ಅದರೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟಿನವರೆಗೂ ಏರುತ್ತದೆ. ಆ ಬಲಕ್ಕೆ ಗರಿಯ ಹೊರಪದರ ತೂತಾಗುತ್ತದೆ. ಕೆಲವೇ ದಿನಗಳಲ್ಲಿ ಕಂದು ಅಂಚಿನ, ಬೂದಿ ನಡುವಿನ ಕದಿರಿನಾಕಾರದ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ.

ಗಿಡಕ್ಕೆ ಮೈಯೆಲ್ಲ ಸುತ್ತಾಡುವ ರಕ್ಷಕ ಕೋಶಗಳಿಲ್ಲ. ಪ್ರತಿ ಕೋಶವೂ ತನ್ನ ಕಾವಲನ್ನು ತಾನೇ ನೋಡಿಕೊಳ್ಳಬೇಕು. ಮೊದಲ ಕಾವಲು ಕೋಶದ ಪೊರೆಯ ಮೇಲಿದೆ. ಅಲ್ಲಿರುವ ಗ್ರಾಹಕ ಪ್ರೋಟೀನುಗಳು ಶಿಲೀಂಧ್ರದ ಗೋಡೆಯಿಂದ ಉದುರಿದ ಕೈಟಿನ್ ಚೂರುಗಳನ್ನು ಗುರುತಿಸುತ್ತವೆ. ಇದನ್ನು ತಪ್ಪಿಸಲು ಶಿಲೀಂಧ್ರ ತನ್ನದೇ ಪ್ರೋಟೀನೊಂದನ್ನು ಸುರಿಸಿ ಆ ಚೂರುಗಳನ್ನು ಮೊದಲೇ ಅಪ್ಪಿಕೊಳ್ಳುತ್ತದೆ. ಇನ್ನಷ್ಟು ಪ್ರೋಟೀನುಗಳನ್ನು ಭತ್ತದ ಕೋಶದೊಳಕ್ಕೇ ಕಳಿಸಿ, ರಕ್ಷಣೆಯನ್ನು ಕುಗ್ಗಿಸುತ್ತದೆ.

ಎರಡನೆಯ ಕಾವಲು ಇರುವುದು ಕೋಶದೊಳಗೆ. ಇದರ ಸುಳಿವು ಮೊದಲು ಸಿಕ್ಕಿದ್ದು ಅಗಸೆ ಗಿಡದ ತುಕ್ಕು ರೋಗದಲ್ಲಿ. ಅಮೆರಿಕದ ನಾರ್ತ್ ಡಕೋಟದಲ್ಲಿ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲಿ ಅಗಸೆಯನ್ನೂ ಶಿಲೀಂಧ್ರವನ್ನೂ ಬೇರೆಬೇರೆಯಾಗಿ ಸಂಕರಗೊಳಿಸಿ ನೋಡಿದರು. ಗಿಡದ ಒಂದೊಂದು ನಿರೋಧಕ ಜೀನಿಗೂ ಶಿಲೀಂಧ್ರದಲ್ಲಿ ಒಂದೊಂದು ಜೋಡಿ ಜೀನ್ ಇತ್ತು. ಎರಡೂ ಎದುರಾದರೆ ಮಾತ್ರ ರೋಗ ನಿಲ್ಲುತ್ತಿತ್ತು. ಅಂಥ ಜೋಡಿಯ ಪ್ರೋಟೀನುಗಳು ನೇರವಾಗಿ ಅಂಟಿಕೊಳ್ಳಬಲ್ಲವು ಎಂಬುದನ್ನು 2000ರಲ್ಲಿ ಭತ್ತದ ಪಿ-ಟಾ ಜೀನಿನ ಅಧ್ಯಯನ ತೋರಿಸಿತು.

ಪಿಕ್ ಎಂಬ ಜೀನ್ ಜೋಡಿಯ ಉಪಾಯ ಇನ್ನೂ ಜಾಣತನದ್ದು. ಶಿಲೀಂಧ್ರದ ಎವಿಆರ್-ಪಿಕ್ ಎಂಬ ಪ್ರೋಟೀನು ಭತ್ತದ ಕೋಶದಲ್ಲಿ, ಲೋಹಕ್ಕೆ ಅಂಟುವ ಬಗೆಯ ಕೆಲವು ಪ್ರೋಟೀನುಗಳನ್ನು ಹಿಡಿಯುತ್ತದೆ. ಕಾವಲಿನ ಪಿಕ್-1 ಪ್ರೋಟೀನಿನಲ್ಲಿ ಅದೇ ಬಗೆಯ ಒಂದು ತುಂಡು ಸೇರಿಕೊಂಡಿದೆ. ಗಾಳಕ್ಕೆ ಸಿಕ್ಕಿಸಿದ ಎರೆಹುಳುವಿನಂತೆ ಅದರ ಕೆಲಸ ಎವಿಆರ್-ಪಿಕ್ ಅನ್ನು ಸೆಳೆಯುವುದು. ಅದು ಕಚ್ಚಿದೊಡನೆ ಜೊತೆಗಾರ ಪಿಕ್-2 ಎಚ್ಚರಗೊಳ್ಳುತ್ತದೆ, ಮುತ್ತಿಗೆಗೆ ಒಳಗಾದ ಕೋಶ ತಾನಾಗಿ ಸಾಯುತ್ತದೆ. ಆರಂಭದಲ್ಲಿ ಜೀವಂತ ಕೋಶವೇ ಬೇಕಾದ ಶಿಲೀಂಧ್ರ ಅಲ್ಲೇ ಸಿಕ್ಕಿಬೀಳುತ್ತದೆ. ಗರಿಯ ಮೇಲೆ ಉಳಿಯುವುದು ಒಂದು ಸಣ್ಣ ಕಂದು ಬೊಟ್ಟು ಮಾತ್ರ.

ಆದರೆ ಎವಿಆರ್-ಪಿಕ್‌ನಲ್ಲಿ ಒಂದು ಅಮೈನೋ ಆಮ್ಲ ಬದಲಾದರೂ ಗಾಳದಿಂದ ಜಾರಿಕೊಳ್ಳಲು ಸಾಕಾಗಬಹುದು. ಒಂದೇ ನಿರೋಧಕ ಜೀನನ್ನು ನಂಬಿದ ತಳಿಗಳು ಕೆಲವೇ ವರ್ಷಗಳಲ್ಲಿ ಸೋಲುವುದು ಇದರಿಂದಲೇ. 2019ರಲ್ಲಿ ಬ್ರಿಟನ್ನಿನ ಜಾನ್ ಇನ್ನೆಸ್ ಕೇಂದ್ರದ ಸಂಶೋಧಕರು ಪಿಕ್-1ರ ಒಂದು ರೂಪದಲ್ಲಿ ಎರಡು ಅಮೈನೋ ಆಮ್ಲಗಳನ್ನು ಬದಲಿಸಿ, ಅದು ಇನ್ನೂ ಹೆಚ್ಚು ಬಗೆಯ ಎವಿಆರ್-ಪಿಕ್‌ಗಳನ್ನು ಗುರುತಿಸುವಂತೆ ಮಾಡಿದರು. ಆ ಪ್ರಯೋಗ ನಡೆದದ್ದು ತಂಬಾಕಿನ ಜಾತಿಯೊಂದರ ಎಲೆಯಲ್ಲಿ. ಗದ್ದೆಯ ಪರೀಕ್ಷೆ ಬೇರೆಯೇ ಮಾತು. ತಳಿ ಅಭಿವೃದ್ಧಿಯಲ್ಲಿ ಸದ್ಯಕ್ಕೆ ನೆಚ್ಚಿಕೊಂಡಿರುವ ಒಂದು ದಾರಿ, ಹಲವು ನಿರೋಧಕ ಜೀನುಗಳನ್ನು ಒಂದೇ ತಳಿಗೆ ಕೂಡಿಸುವುದು: ಒಂದನ್ನು ತಪ್ಪಿಸಿಕೊಂಡ ಶಿಲೀಂಧ್ರ ಇನ್ನೊಂದಕ್ಕೆ ಸಿಗುತ್ತದೆ.