ಊರಿನ ಆಯವ್ಯಯವೂ ಊರಿನ ವಿಭಾಗವೂ



ಪೌರಸಭೆಯ ಆಯವ್ಯಯ ಪತ್ರವೆಂಬುದು ಯಾರೂ ಸ್ವಸಂತೋಷದಿಂದ ಓದತಕ್ಕ ಗ್ರಂಥವಲ್ಲ. ನಾವೂ ಬಹುಕಾಲ ಅದನ್ನು ಓದಿದವರಲ್ಲ. ಕಾಲೇಜಿನಲ್ಲಿ ರಾಜ್ಯಶಾಸ್ತ್ರವನ್ನು ಬೋಧಿಸುತ್ತ, ಇಂಗ್ಲೆಂಡಿನ ಪಾರ್ಲಿಮೆಂಟು ಬೊಕ್ಕಸದ ಬೀಗದ ಕೈಯನ್ನು ಅರಸರಿಂದ ಹೇಗೆ ಕಿತ್ತುಕೊಂಡಿತೆಂಬುದನ್ನು ವರ್ಷವರ್ಷವೂ ವಿಸ್ತಾರವಾಗಿ ಹೇಳುತ್ತಿದ್ದ ನಮಗೆ, ನಮ್ಮ ಬೀದಿಯ ಚರಂಡಿಗೆ ಹಣವು ಎಲ್ಲಿಂದ ಬರುವುದೆಂಬುದು ತಿಳಿದಿರಲಿಲ್ಲ. ಒಬ್ಬ ವಿದ್ಯಾರ್ಥಿ ಪಾಠದ ನಡುವೆ ಎದ್ದು ಅದನ್ನೇ ಕೇಳಿದನು. ಆಗ ನಾವಿದ್ದುದು ಒಂದು ಸಣ್ಣ ಊರಿನಲ್ಲಿ. ಅದರ ಹೆಸರು ಇಲ್ಲಿ ಬೇಡ. ಲಜ್ಜೆಯಿಂದ ಆ ಊರಿನ ಪೌರಸಭೆಯ ಆಯವ್ಯಯ ಪುಸ್ತಕವನ್ನು ತರಿಸಿ ನೋಡಿದೆವು. ಆಶ್ಚರ್ಯವೇನೆಂದರೆ, ನಮ್ಮ ಬೀದಿಯ ಚರಂಡಿಗೆ ಅದರಲ್ಲಿ ಹಣ ನಮೂದಾಗಿತ್ತು. ಚರಂಡಿ ಮಾತ್ರ ಬೀದಿಯಲ್ಲಿರಲಿಲ್ಲ. ಕಚೇರಿಗೆ ಹೋಗಿ ವಿಚಾರಿಸಲಾಗಿ ಗುಮಾಸ್ತರು ಸಮಾಧಾನದಿಂದಲೇ, “ದುಡ್ಡು ಪುಸ್ತಕದಲ್ಲಿ ಇದೆ ಮೇಷ್ಟ್ರೆ, ಪೆಟ್ಟಿಗೆಯಲ್ಲಿ ಇಲ್ಲ” ಎಂದರು. ಸ್ಥಳೀಯ ಸ್ವಯಮಾಡಳಿತದ ವಿಷಯದಲ್ಲಿ ನಾವು ಓದಿದ ಯಾವ ಇಂಗ್ಲಿಷ್ ಗ್ರಂಥವೂ ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ತಿಳುವಳಿಕೆಯನ್ನು ಕೊಟ್ಟಿರಲಿಲ್ಲ.

ಗುಮಾಸ್ತರ ಮಾತಿನ ಅರ್ಥವನ್ನು ಬಿಡಿಸಿ ನೋಡೋಣ. ಮನೆಯ ಜಮಾಖರ್ಚಿನ ಪುಸ್ತಕವು ಆಗಿಹೋದುದನ್ನು ಹೇಳುತ್ತದೆ. ಆಯವ್ಯಯ ಪತ್ರವು ಆಗಬೇಕೆಂದು ಬಯಸಿದುದನ್ನು ಹೇಳುತ್ತದೆ. ಎಡಗಡೆ ಹುಟ್ಟುವಳಿಯ ಅಂದಾಜು, ಬಲಗಡೆ ವೆಚ್ಚದ ಅಂದಾಜು. ಕೊನೆಗೆ ಎರಡೂ ಸರಿತೂಗಿ, ಒಂದಿಷ್ಟು ಶಿಲ್ಕೂ ಉಳಿಯುವಂತೆ ಕಾಣಬೇಕು. ರಾಷ್ಟ್ರದ ಸರ್ಕಾರವಾದರೆ ಕೊರತೆಯನ್ನು ಒಪ್ಪಿಕೊಂಡು ಸಾಲವೆತ್ತಿ ನಡೆಸಿಕೊಂಡು ಹೋಗಬಲ್ಲದು. ಪೌರಸಭೆಗೆ ಆ ಸ್ವಾತಂತ್ರ್ಯವಿಲ್ಲ. ಮೇಲಿನ ಸರ್ಕಾರದ ಅಪ್ಪಣೆಯಿಲ್ಲದೆ ಅದು ಸಾಲ ಮಾಡುವಂತಿಲ್ಲ. ಹಾಗಿರಲು, ಕೇಳಿಬಂದ ಕಾಮಗಾರಿಗಳು ಹುಟ್ಟುವಳಿಯನ್ನು ಮೀರಿದಾಗ ಮಾಡತಕ್ಕದ್ದೇನು? ಕಾಮಗಾರಿಗಳಲ್ಲಿ ಕೆಲವನ್ನು ಹೊಡೆದುಹಾಕುವುದು ಪ್ರಾಮಾಣಿಕವಾದ ಮಾರ್ಗ. ಹುಟ್ಟುವಳಿಯ ಅಂದಾಜನ್ನು ಏರಿಸಿ ಬರೆಯುವುದು ಸುಲಭವಾದ ಮಾರ್ಗ. ಬಾರದ ತೆರಿಗೆ ಬರುವುದೆಂದೂ, ಮಾರಾಟವಾಗದ ನಿವೇಶನ ಮಾರಾಟವಾಗುವುದೆಂದೂ ಬರೆದರೆ ಕಾಗದದ ಮೇಲೆ ತಕ್ಕಡಿ ಸಮನಾಗುತ್ತದೆ, ಎಲ್ಲರ ಬೀದಿಗೂ ಚರಂಡಿ ದೊರೆಯುತ್ತದೆ. ವರ್ಷದ ಕೊನೆಗೆ ಹಣ ಬಾರದಿದ್ದಾಗ ಒಂದು ಭಾಗದ ಕೆಲಸಗಳು ಆರಂಭವೇ ಆಗುವುದಿಲ್ಲ. ಇನ್ನೊಂದು ಭಾಗದ ಕೆಲಸಗಳು ಮುಗಿದಿದ್ದರೂ ಗುತ್ತಿಗೆದಾರರ ಬಿಲ್ಲುಗಳು ಬಾಕಿ ನಿಲ್ಲುತ್ತವೆ. ಈ ಬಾಕಿಯೇ ಮುಂದಿನ ವರ್ಷದ ಪತ್ರದೊಳಗೆ “ಮುಂದುವರಿದ ಕಾಮಗಾರಿ” ಎಂಬ ಹೆಸರಿನಿಂದ ಬಂದು ಕೂಡುತ್ತದೆ.

ಈ ರೋಗವು ಸಣ್ಣ ಊರುಗಳದು ಮಾತ್ರವೆಂದು ಯಾರೂ ಭಾವಿಸಬಾರದು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 2022-23ನೆಯ ಸಾಲಿನ ಆಯವ್ಯಯದ ಗಾತ್ರ ಸುಮಾರು 10,480 ಕೋಟಿ ರೂಪಾಯಿ. 2025-26ನೆಯ ಸಾಲಿನದು 19,900 ಕೋಟಿಗೂ ಮಿಕ್ಕುದು. ಮೂರೇ ವರ್ಷಗಳಲ್ಲಿ ಗಾತ್ರವು ಇಮ್ಮಡಿಯ ಹತ್ತಿರಕ್ಕೆ ಬಂದಿತು. ಆದರೆ ಪಾಲಿಕೆಯ ಸ್ವಂತ ಹುಟ್ಟುವಳಿಯ ಬೆನ್ನೆಲುಬಾದ ಆಸ್ತಿ ತೆರಿಗೆಯು 2024-25ರಲ್ಲಿ ಕೈಸೇರಿದ್ದು ಸುಮಾರು 4,900 ಕೋಟಿ ಮಾತ್ರ. ಎಂದರೆ ಮರುವರ್ಷದ ಆಯವ್ಯಯದ ಕಾಲು ಭಾಗದಷ್ಟು. ಉಳಿದ ಮುಕ್ಕಾಲು ಭಾಗವು ನಾನಾ ಶುಲ್ಕಗಳು, ಸರ್ಕಾರಗಳ ಅನುದಾನ, ಸಾಲ ಇವುಗಳಿಂದ ಬರಬೇಕು. ಬರುವುದೆಂಬ ನಂಬಿಕೆಗೂ ಅದರಲ್ಲಿ ಸ್ಥಾನವಿದೆ.

ಹಿಂದೆ ಪೌರಸಭೆಗಳಿಗೆ ಇನ್ನೊಂದು ದೊಡ್ಡ ಆದಾಯವಿತ್ತು. ಊರೊಳಗೆ ಬರುವ ಸರಕಿನ ಮೇಲಣ ಸುಂಕ, ಆಕ್ಟ್ರಾಯ್. ಊರ ಬಾಗಿಲಲ್ಲಿ ಬಂಡಿಗಳನ್ನು ತಡೆದು ನಿಲ್ಲಿಸುತ್ತಿದ್ದ ಈ ಪದ್ಧತಿಯನ್ನು ವ್ಯಾಪಾರಿಗಳು ಶಪಿಸುತ್ತಿದ್ದರು, ಅದರಲ್ಲಿ ನ್ಯಾಯವೂ ಇತ್ತು. 1979ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ರದ್ದುಮಾಡಿತು. ಮಾಗಡಿ ರಸ್ತೆಯ ಸುಂಕದಕಟ್ಟೆಯಂಥ ಹೆಸರುಗಳಲ್ಲಿ ಹಳೆಯ ಸುಂಕಗಳ ನೆನಪು ಉಳಿದಿದೆ. ವ್ಯಾಪಾರಕ್ಕೆ ಅನುಕೂಲವಾಯಿತು. ಆದರೆ ಅಂದಿನಿಂದ ಪೌರಸಭೆಗಳು ತಾವೇ ದುಡಿದು ತಿನ್ನುವ ಸ್ಥಿತಿಯಿಂದ ಕೊಟ್ಟಷ್ಟನ್ನು ಉಣ್ಣುವ ಸ್ಥಿತಿಗೆ ಇನ್ನಷ್ಟು ಇಳಿದವು; ಸುಂಕದ ಬದಲು ಸರ್ಕಾರದ ಪರಿಹಾರ ಧನಕ್ಕೆ ಕಾಯಬೇಕಾಯಿತು. ಇದಕ್ಕೆ ವಿರುದ್ಧವಾದ ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು. 2000ನೆಯ ಇಸವಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ಮನೆಯ ಯಜಮಾನನೇ ತನ್ನ ತೆರಿಗೆಯನ್ನು ಲೆಕ್ಕ ಹಾಕಿ ಕಟ್ಟುವ ಸ್ವಯಂ ನಿರ್ಧಾರ ಪದ್ಧತಿಯನ್ನು ತಂದಿತು. ತೆರಿಗೆ ಗೊತ್ತುಪಡಿಸುವ ನೌಕರನ ಮರ್ಜಿಗೆ ಕಾಯುವ ಅವಸ್ಥೆ ಬಹುಮಟ್ಟಿಗೆ ತಪ್ಪಿತು, ವಸೂಲಿಯೂ ಏರಿತು. ಜನರ ಪ್ರಾಮಾಣಿಕತೆಯ ಬಗೆಗೆ ಅಧಿಕಾರಿಗಳಲ್ಲಿದ್ದ ಸಂಶಯವು ಪೂರ್ತಿ ನಿಜವಲ್ಲವೆಂಬುದು ಆಗ ಗೊತ್ತಾಯಿತು.

ತೆರಿಗೆಯ ರಸೀತಿಯನ್ನು ಶ್ರೋತೃಗಳು ಒಮ್ಮೆ ಸಾವಕಾಶವಾಗಿ ನೋಡಬೇಕೆಂದು ನಮ್ಮ ಬಿನ್ನಹ. ಮೂಲ ತೆರಿಗೆಯ ಮೇಲೆ ಗ್ರಂಥಾಲಯಕ್ಕೆಂದು ನೂರಕ್ಕೆ 6, ಭಿಕ್ಷುಕರ ಪರಿಹಾರಕ್ಕೆಂದು ನೂರಕ್ಕೆ 3 ಎಂದು ಉಪಕರಗಳಿರುತ್ತವೆ. ಇವು ಪೌರಸಭೆಯ ಸ್ವತ್ತಲ್ಲ. ಇತರರ ಪರವಾಗಿ ವಸೂಲುಮಾಡಿ ಒಪ್ಪಿಸತಕ್ಕ ಹಣ. ಹಾಗಿದ್ದರೂ ಸಕಾಲದಲ್ಲಿ ಒಪ್ಪಿಸದೆ ಇಟ್ಟುಕೊಂಡವೆಂಬ ಆಕ್ಷೇಪಣೆಯು ಪಾಲಿಕೆಗಳ ಮೇಲೆ ಮತ್ತೆ ಮತ್ತೆ ಬಂದಿದೆ. ಕೈಯಲ್ಲಿ ಹಣವಿಲ್ಲದ ಗೃಹಸ್ಥನು ಚೀಟಿಯ ದುಡ್ಡನ್ನು ತಾತ್ಕಾಲಿಕವಾಗಿ ಖರ್ಚುಮಾಡಿಕೊಂಡಂತೆಯೇ ಇದು. 2010ರ ನಂತರದ ವರ್ಷಗಳಲ್ಲಿ ಬೆಂಗಳೂರಿನ ಪಾಲಿಕೆಯು ಮೇಯೋ ಹಾಲ್, ಜಾನ್ಸನ್ ಮಾರುಕಟ್ಟೆ ಮೊದಲಾದ ಕಟ್ಟಡಗಳನ್ನೇ ಸಾಲಕ್ಕಾಗಿ ಅಡವಿಟ್ಟಿತು. ಇವುಗಳಲ್ಲಿ ಹಲವನ್ನು ಬಳಿಕ ಬಿಡಿಸಿಕೊಂಡರು.

ಇಷ್ಟು ದೊಡ್ಡ ಆಯವ್ಯಯದಲ್ಲಿ ಏನಿಲ್ಲವೆಂಬುದೂ ಗಮನಿಸತಕ್ಕ ವಿಷಯ. ನಲ್ಲಿಯ ನೀರಿಲ್ಲ, ಅದು 1964ರಿಂದ ಬೇರೊಂದು ಮಂಡಲಿಯದು. ಹೊಸ ಬಡಾವಣೆಗಳಿಲ್ಲ, ಅವು 1976ರ ಶಾಸನದ ಮೇರೆಗೆ ಅಭಿವೃದ್ಧಿ ಪ್ರಾಧಿಕಾರದವು. ಬಸ್ಸಿಲ್ಲ, ವಿದ್ಯುಚ್ಛಕ್ತಿಯಿಲ್ಲ, ಮೆಟ್ರೋ ಇಲ್ಲ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಗಳ ಸಭೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯನ್ನು ಕೊಟ್ಟಿದೆ. ನಗರ ಯೋಜನೆಯೂ ನೀರು ಸರಬರಾಜೂ ಆ ಪಟ್ಟಿಯಲ್ಲಿವೆ. ಆದರೆ “ವಹಿಸಬಹುದು” ಎಂಬ ಪದಕ್ಕೂ “ವಹಿಸತಕ್ಕದ್ದು” ಎಂಬ ಪದಕ್ಕೂ ಇರುವ ಅಂತರದಲ್ಲಿ ರಾಜ್ಯ ಸರ್ಕಾರಗಳು ಸುಖವಾಗಿ ವಾಸಮಾಡಿಕೊಂಡಿವೆ. ಇದರ ಪರಿಣಾಮವನ್ನು ಬೀದಿಯಲ್ಲಿ ನಿತ್ಯವೂ ನೋಡುತ್ತೇವೆ. ಒಬ್ಬರು ರಸ್ತೆಗೆ ಡಾಂಬರು ಹಾಕುತ್ತಾರೆ. ಇನ್ನೊಬ್ಬರು ಬಂದು ಕೊಳಾಯಿಗೆ ಅಗೆಯುತ್ತಾರೆ. ಇಬ್ಬರ ಆಯವ್ಯಯಗಳೂ ಬೇರೆ, ಇಬ್ಬರೂ ಜವಾಬು ಹೇಳಬೇಕಾದ ಸ್ಥಳವೂ ಬೇರೆ.

ಇನ್ನು ವಿಭಾಗದ ವಿಷಯ. ಬೆಂಗಳೂರಿನ ಪೌರಾಡಳಿತವು ಹುಟ್ಟಿದ್ದೇ ಇಬ್ಭಾಗವಾಗಿ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಮುನಿಸಿಪಲ್ ಮಂಡಲಿಗಳು ಏರ್ಪಟ್ಟವು. ದಂಡು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿದ ಮೇಲೆ 1949ರಲ್ಲಿ ಎರಡನ್ನೂ ಕೂಡಿಸಿ ಕಾರ್ಪೊರೇಷನ್ ಮಾಡಿದರು. 2007ರಲ್ಲಿ ಕೂಡಿಸುವ ಕಾರ್ಯವು ಬಹಳ ದೊಡ್ಡದಾಗಿ ನಡೆಯಿತು. ಯಲಹಂಕ, ದಾಸರಹಳ್ಳಿ, ಬೊಮ್ಮನಹಳ್ಳಿ, ಮಹದೇವಪುರ ಮೊದಲಾದ ಏಳು ನಗರಸಭೆಗಳು, ಕೆಂಗೇರಿಯ ಪುರಸಭೆ, 110 ಹಳ್ಳಿಗಳು, ಎಲ್ಲವೂ ಹಳೆಯ ಪಾಲಿಕೆಯೊಳಗೆ ಸೇರಿ 700 ಚದರ ಕಿಲೋಮೀಟರಿಗೂ ಮಿಕ್ಕ ಒಂದೇ ಪಾಲಿಕೆಯಾಯಿತು. 2011ರ ಜನಗಣತಿಯ ಪ್ರಕಾರ ಅದರ ಜನಸಂಖ್ಯೆ 84 ಲಕ್ಷಕ್ಕೂ ಹೆಚ್ಚು. ಸದಸ್ಯರು 198 ಮಂದಿ. ಒಬ್ಬೊಬ್ಬ ಸದಸ್ಯನ ಪಾಲಿಗೆ ನಲವತ್ತು ಸಾವಿರ ಜನಕ್ಕಿಂತ ಹೆಚ್ಚು. ಇದು ಅತಿಯಾಯಿತೆಂದು ಬಹುಬೇಗ ಎಲ್ಲರೂ ಹೇಳತೊಡಗಿದರು. ಸಮಿತಿಗಳಾದವು, ವರದಿಗಳಾದವು. ಕೊನೆಗೆ 2024ರ ಗ್ರೇಟರ್ ಬೆಂಗಳೂರು ಆಡಳಿತ ಶಾಸನವು 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರ್ 2ರಂದು ಒಂದು ಪಾಲಿಕೆಯಿದ್ದೆಡೆಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮವೆಂದು ಐದಾದವು. ಇವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಒಂದು ಪ್ರಾಧಿಕಾರ ನಿಂತಿತು. ಐದರಲ್ಲಿಯೂ ಸೇರಿ 369 ವಾರ್ಡುಗಳೆಂದು ಗೊತ್ತಾಯಿತು.

ವಾರ್ಡು ಚಿಕ್ಕದಾದುದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅಣ್ಣತಮ್ಮಂದಿರು ಭಾಗವಾಗುವಾಗ ಹೊಲಕ್ಕೆ ಗೆರೆ ಎಳೆದರೆ ಸಾಲದೆಂಬುದನ್ನು ನಮ್ಮ ಹಳ್ಳಿಯ ಹಿರಿಯರೆಲ್ಲ ಬಲ್ಲರು. ಪಾರೀಖತ್ತು ಬರೆಯುವಾಗ ನೀರಾವರಿ ಯಾರಿಗೆ, ಖುಷ್ಕಿ ಯಾರಿಗೆ, ಅಪ್ಪನ ಸಾಲವನ್ನು ತೀರಿಸತಕ್ಕವರು ಯಾರು, ಬಾವಿಯಲ್ಲಿ ಯಾರಿಗೆ ಎಷ್ಟು ಪಾಲು ಎಂಬ ಪ್ರಶ್ನೆಗಳೇಳುತ್ತವೆ. ವ್ಯಾಜ್ಯಗಳು ಹುಟ್ಟುವುದು ಇಲ್ಲಿಯೇ. ಬೆಂಗಳೂರಿನಲ್ಲಿ ನೀರಾವರಿಯು ಪೂರ್ವದಲ್ಲಿದೆ. ಹಳೆಯ ಪಾಲಿಕೆಯ ವಲಯಗಳೊಳಗೆ ಅತ್ಯಧಿಕ ಆಸ್ತಿ ತೆರಿಗೆಯನ್ನು ತರುತ್ತಿದ್ದುದು ಮಹದೇವಪುರ. ತಂತ್ರಾಂಶದ ಕಂಪೆನಿಗಳ ಗಾಜಿನ ಮಹಲುಗಳಿರುವುದು ಅಲ್ಲಿಯೇ. ಆ ಮಹದೇವಪುರವೂ ಕೃಷ್ಣರಾಜಪುರವೂ ಪೂರ್ವ ಪಾಲಿಕೆಗೆ ಸೇರಿದವು. ಅದರ ವಾರ್ಡುಗಳು 50. ವಾಸದ ಮನೆಗಳೇ ಹೆಚ್ಚಾಗಿರುವ ಪಶ್ಚಿಮದ ವಾರ್ಡುಗಳು 112. ಹುಟ್ಟುವಳಿಯೊಂದು ಕಡೆ, ಜನವೊಂದು ಕಡೆ. ಪೂರ್ವದವರು, “ಇಷ್ಟು ಕಾಲ ನಮ್ಮ ತೆರಿಗೆಯು ಬೇರೆಯವರ ರಸ್ತೆಗೆ ಹೋಯಿತು, ನಮ್ಮಲ್ಲಿ ಮಳೆ ಬಂದರೆ ದೋಣಿ ಬೇಕು” ಎಂದರೆ ಸುಳ್ಳಲ್ಲ. ಪಶ್ಚಿಮದವರು, “ಪೂರ್ವದಲ್ಲಿ ದುಡಿಯುವವರು ಮಲಗುವುದು ನಮ್ಮಲ್ಲಿ, ಅವರ ಮನೆಯ ಕಸವನ್ನು ಎತ್ತತಕ್ಕವರು ನಾವು” ಎಂದರೆ ಅದೂ ಸುಳ್ಳಲ್ಲ.

ಈ ಕಥೆಯ ಮುಂದಿನ ಅಧ್ಯಾಯ ಹೇಗಿರಬಹುದೆಂಬುದಕ್ಕೆ ದೆಹಲಿಯನ್ನು ನೋಡಬೇಕು. ಅಲ್ಲಿಯ ಪಾಲಿಕೆಯನ್ನು 2012ರಲ್ಲಿ ಉತ್ತರ, ದಕ್ಷಿಣ, ಪೂರ್ವವೆಂದು ಮೂರು ಮಾಡಿದರು. ಶ್ರೀಮಂತ ಬಡಾವಣೆಗಳಿದ್ದ ದಕ್ಷಿಣವು ತನ್ನ ಕಾಲಿನ ಮೇಲೆ ನಿಂತಿತು. ಉತ್ತರ ಮತ್ತು ಪೂರ್ವದ ಪಾಲಿಕೆಗಳು ನೌಕರರಿಗೆ ಸಂಬಳ ಕೊಡಲಾರದೆ ಹೋದವು. 2015ರಲ್ಲಿ ಪೂರ್ವ ದೆಹಲಿಯ ಪೌರಕಾರ್ಮಿಕರು ಸಂಬಳಕ್ಕಾಗಿ ಕೆಲಸ ನಿಲ್ಲಿಸಿದಾಗ ಬೀದಿಗಳಲ್ಲಿ ಕಸದ ಗುಡ್ಡಗಳೆದ್ದವು. ಕೊನೆಗೆ 2022ರ ಮೇ 22ರಂದು ಮೂರನ್ನೂ ಮತ್ತೆ ಒಂದು ಮಾಡಿದರು. ಹತ್ತು ವರ್ಷದ ಬೇರೆ ಸಂಸಾರಕ್ಕಾದ ವೆಚ್ಚ, ಮೂರು ಕಮಿಷನರರು, ಮೂರು ಕಚೇರಿಗಳು, ಯಾರ ಲೆಕ್ಕಕ್ಕೆ ಹೋಯಿತೆಂದು ಕೇಳುವವರಿರಲಿಲ್ಲ. ದೆಹಲಿಯಲ್ಲಿ ವಿಭಾಗವು ಕೆಟ್ಟದ್ದು ಭಾಗ ಮಾಡಿದ್ದರಿಂದಲ್ಲ, ಬಡ ತಮ್ಮನಿಗೆ ವರ್ಷವರ್ಷವೂ ಎಷ್ಟು ಸಲ್ಲತಕ್ಕದ್ದೆಂಬುದನ್ನು ಗಟ್ಟಿಯಾಗಿ ಬರೆದಿಡದೆ ಹೋದುದರಿಂದ ಎಂಬುದು ನಮ್ಮ ಅಭಿಪ್ರಾಯ.

ಇದೆಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವ ಸಂಗತಿ ಇನ್ನೊಂದಿದೆ. ಬೆಂಗಳೂರಿನ ಚುನಾಯಿತ ಸದಸ್ಯರ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವುದರೊಳಗಾಗಿ ಚುನಾವಣೆ ಆಗತಕ್ಕದ್ದೆಂದು ಸಂವಿಧಾನದಲ್ಲಿ ಬರೆದಿದೆ. ಆಗಲಿಲ್ಲ. ಇದು ಮೊದಲ ಸಲವೂ ಅಲ್ಲ. 2006ರ ಕೊನೆಯಿಂದ 2010ರವರೆಗೂ ಹೀಗೆಯೇ ನಡೆದಿತ್ತು. ಈ ಕಾಲದಲ್ಲಿ ಆಯವ್ಯಯವನ್ನು ಬರೆದವರೂ ಅಧಿಕಾರಿಗಳೇ, ಮಂಜೂರು ಮಾಡಿದವರೂ ಅಧಿಕಾರಿಗಳೇ. 2022-23ನೆಯ ಸಾಲಿನ ಪತ್ರವು ಮಾರ್ಚ್ 31ರಂದು, ನಡುರಾತ್ರಿಗೆ ತುಸು ಮುಂಚೆ, ಯಾವ ಸಭೆಯೂ ಇಲ್ಲದೆ ಅಂತರ್ಜಾಲದಲ್ಲಿ ಪ್ರಕಟವಾಯಿತು. 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ಹುಟ್ಟಿದ ದಿನ ಐದರಲ್ಲಿ ಒಂದರಲ್ಲಿಯೂ ಚುನಾಯಿತ ಸದಸ್ಯನಿರಲಿಲ್ಲ. ಲಂಡನ್ ನಗರದಲ್ಲಿಯೂ 1986ರಲ್ಲಿ ಮೇಲಿನ ಸಭೆಯನ್ನು ರದ್ದುಮಾಡಿ, 2000ದವರೆಗೂ ಇಡೀ ನಗರಕ್ಕೆ ಚುನಾಯಿತ ಸಭೆಯಿಲ್ಲದಂತೆ ಮಾಡಿದ್ದರು. ಆದರೆ ಅಲ್ಲಿ ಕೆಳಗಿನ ಬಡಾವಣೆಗಳ ಚುನಾಯಿತ ಸಭೆಗಳು ಉಳಿದುಕೊಂಡಿದ್ದವು. ಇಲ್ಲಿ ಮೇಲಿನದು ಬಂದಿತು, ಕೆಳಗಿನದು ಬರಲಿಲ್ಲ.

ಅಧಿಕಾರಿಗಳು ಅಸಮರ್ಥರೆಂದು ನಾವು ಹೇಳುತ್ತಿಲ್ಲ. ಅನೇಕ ಸಂದರ್ಭಗಳಲ್ಲಿ ಅವರು ಸದಸ್ಯರಿಗಿಂತ ಚೆನ್ನಾಗಿ ಲೆಕ್ಕ ಬಲ್ಲರು. ಸದಸ್ಯರ ಸಭೆಯೆಂದರೆ ಗದ್ದಲವೆಂಬ ಮಾತೂ ನಿಜ. ಆದರೆ ಆ ಗದ್ದಲದಲ್ಲಿ ಯಾರೋ ಒಬ್ಬನು ಎದ್ದು, “ಹೋದ ವರ್ಷ ಇದೇ ಚರಂಡಿಗೆ ಇಷ್ಟು ಬರೆದಿದ್ದಿರಿ, ಅದೇನಾಯಿತು?” ಎಂದು ಕೇಳುತ್ತಾನೆ, ಅಧ್ಯಕ್ಷರು ಉತ್ತರ ಹೇಳಿಸಬೇಕಾಗುತ್ತದೆ, ಮಾರನೆಯ ದಿನ ಪತ್ರಿಕೆಯಲ್ಲಿ ಬರುತ್ತದೆ. ನಾವು ಕೈಯಲ್ಲಿ ಪುಸ್ತಕ ಹಿಡಿದು ಕಚೇರಿಯ ಕಿಟಕಿಯ ಮುಂದೆ ನಿಂತು ಅದೇ ಪ್ರಶ್ನೆಯನ್ನು ಕೇಳಿದರೆ ಉತ್ತರ ಹೇಳತಕ್ಕ ಕಟ್ಟುಪಾಡು ಯಾರಿಗೂ ಇಲ್ಲ. ಗುಮಾಸ್ತರು ನಮಗೆ ಹೇಳಿದ್ದು ಅವರ ಸೌಜನ್ಯ.

ಹೊಸ ಪಾಲಿಕೆಗಳ ಪತ್ರಗಳು ಕೈಗೆ ಬಂದಾಗ ಶ್ರೋತೃಗಳು ಮೊದಲ ಪುಟದ ದೊಡ್ಡ ಮೊತ್ತವನ್ನು ಬಿಟ್ಟು ಒಳಪುಟಗಳಿಗೆ ಹೋಗಬೇಕು. ಅಲ್ಲಿ ಒಂದೊಂದು ಬಾಬಿನ ಎದುರಿಗೂ ಸಾಧಾರಣವಾಗಿ ಮೂರು ಅಂಕಣಗಳಿರುತ್ತವೆ: ಹಿಂದಿನ ಸಾಲಿನಲ್ಲಿ ನಿಜವಾಗಿ ಆದದ್ದು, ನಡೆಯುತ್ತಿರುವ ಸಾಲಿನ ಪರಿಷ್ಕೃತ ಅಂದಾಜು, ಬರುವ ಸಾಲಿನ ಅಂದಾಜು. ಭಾಷಣಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬರುವುದೆಲ್ಲ ಮೂರನೆಯ ಅಂಕಣ. ಓದತಕ್ಕದ್ದು ಮೊದಲನೆಯದು. ನಮ್ಮ ಆ ಹಳೆಯ ಊರಿನ ಪುಸ್ತಕಗಳನ್ನು ನಾವು ಆಮೇಲೆ ಮೂರು ವರ್ಷದವನ್ನು ಸಾಲಾಗಿಟ್ಟು ನೋಡಿದೆವು. ಚರಂಡಿಯು ಮೂರು ವರ್ಷವೂ ಮೂರನೆಯ ಅಂಕಣದಲ್ಲಿತ್ತು, ಪ್ರತಿ ಸಲವೂ ತುಸು ಹೆಚ್ಚಿನ ಮೊತ್ತದೊಡನೆ. ಮೊದಲನೆಯ ಅಂಕಣದಲ್ಲಿ ಅದರ ಎದುರಿಗೆ ಒಂದು ಸಣ್ಣ ಅಡ್ಡಗೆರೆಯಿತ್ತು.