ಸೇನೆಯ ವೈದ್ಯನೂ ಕಾವೇರಿಯ ಚಳಿಜ್ವರವೂ

ಶ್ರೀರಂಗಪಟ್ಟಣದ ಕೋಟೆಯನ್ನು 1799ರಲ್ಲಿ ಗೆದ್ದ ಆಂಗ್ಲಸೇನೆಯು, ಕಾವೇರಿಯ ಕವಲುಗಳ ನಡುವಣ ಆ ದ್ವೀಪದಲ್ಲಿ ಕಾವಲಿಗೆ ನಿಂತು ಹತ್ತು ವರ್ಷ ಕಳೆಯುವಷ್ಟರಲ್ಲಿ, ಗುಂಡಿಗೂ ಕತ್ತಿಗೂ ಅಂಜದ ಚಳಿಜ್ವರಕ್ಕೆ ಸೋತು, 1809ರಲ್ಲಿ ತನ್ನ ಠಾಣ್ಯವನ್ನು ಬೆಂಗಳೂರಿಗೆ ಒಯ್ದಿತು. ಜ್ವರವು ಜೌಗುನೆಲದ ದುರ್ವಾಯುವಿನಿಂದ ಹುಟ್ಟುವುದೆಂದು ವೈದ್ಯರೇ ನಂಬಿದ್ದ ಆ ಕಾಲದಲ್ಲಿ ಊರು ಬಿಡುವುದಲ್ಲದೆ ಅನ್ಯೋಪಾಯವಿರಲಿಲ್ಲ. ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರ ಬೀಡಿನಿಂದ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡಿದ್ದ ಇಂದಿನ ಪಾಂಡವಪುರದಲ್ಲಿಯೂ ಮುಂದೆ ಬ್ರಿಟಿಷರ ಪಡೆ ನೆಲಸಿತ್ತು. ಪಡೆಯಿದ್ದಲ್ಲಿ ಅದರ ವೈದ್ಯನೂ ಇರಬೇಕಷ್ಟೆ.

ಸೇನಾವೈದ್ಯನ ಕಾರ್ಯವು ಗಾಯ ಕಟ್ಟುವುದರಲ್ಲಿ ಮುಗಿಯುವುದೆಂಬ ಎಣಿಕೆ ನಮ್ಮಲ್ಲಿ ಬಲವಾಗಿದೆಯಾದರೂ, ಸಮರದಲ್ಲಿ ಮಡಿದವರಿಗಿಂತ ಜ್ವರ, ಅತಿಸಾರ, ವಾಂತಿಭೇದಿಗಳಿಗೆ ತುತ್ತಾದವರೇ ಅಧಿಕರಾಗಿದ್ದ ಆ ಶತಮಾನದಲ್ಲಿ, ಬೀಡಿಗೆ ನೆಲ ಆರಿಸುವುದು, ಬಾವಿಯ ನೀರನ್ನು ಪರೀಕ್ಷಿಸುವುದು, ಕೊಳಚೆಗೆ ದಾರಿ ಮಾಡುವುದು, ದೇವಿ ಹಾಕುವುದು ಇವೇ ಅವನ ನಿತ್ಯಕರ್ಮಗಳಾಗಿದ್ದವು.

ಈ ಪರಂಪರೆಯ ಅಗ್ರಗಣ್ಯನು ರೊನಾಲ್ಡ್ ರಾಸ್. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ ಈ ತರುಣನು ಬೆಂಗಳೂರು ದಂಡಿನ ವೈದ್ಯನಾಗಿದ್ದಾಗ, ಕಿಟಕಿಯಾಚೆಯ ತೊಟ್ಟಿಯ ನೀರಿನಲ್ಲಿ ಸೊಳ್ಳೆಮರಿಗಳು ತೇಲಾಡುತ್ತಿದ್ದುದನ್ನು ಕಂಡು, ಅದನ್ನು ಬೋರಲು ಹಾಕಿದೊಡನೆ ಕಾಟ ತಗ್ಗಿದುದನ್ನು ಮನಗಂಡನು. ಉಳಿದ ತೊಟ್ಟಿಗಳನ್ನೂ ಬರಿದುಮಾಡೋಣವೆಂದಾಗ, ಸೃಷ್ಟಿಕ್ರಮವನ್ನು ಕೆಡಿಸಬಾರದೆಂದು ದಂಡಿನ ಅಧಿಕಾರಿ ಒಪ್ಪಲಿಲ್ಲ. 1895ರಲ್ಲಿ ವಾಂತಿಭೇದಿಯನ್ನು ಹತ್ತಿಕ್ಕಲು ಮತ್ತೆ ಬೆಂಗಳೂರಿಗೆ ಬಂದ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಸೊಳ್ಳೆಗೊಂದಾಣೆಯಂತೆ ಕೂಲಿ ಪಡೆದು ಕಚ್ಚಿಸಿಕೊಂಡ ಹುಸೇನ್ ಖಾನನೆಂಬ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಜಠರಭಿತ್ತಿಯಲ್ಲಿ ಆ ಚಳಿಜ್ವರದ, ಎಂದರೆ ಮಲೇರಿಯದ, ಜೀವಾಣುವನ್ನು ಕಂಡನು; ಜ್ವರ ಹರಡುವುದು ದುರ್ವಾಯುವಲ್ಲ, ಸೊಳ್ಳೆಯೆಂಬ ಸುಳಿವು ಹೀಗೆ ದೊರೆಯಿತು. 1902ರಲ್ಲಿ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು.

ದಂಡಿನ ರಕ್ಷಣೆಗಾಗಿ ಸಂಪಾದಿಸಿದ ಈ ವಿದ್ಯೆ ರೈತನ ಪಾಲಿಗೂ ಬಂದಿತು. 1930ರ ದಶಕದಲ್ಲಿ ಕೃಷ್ಣರಾಜಸಾಗರದ ಇರ್ವಿನ್ ನಾಲೆಯು ಮಂಡ್ಯದ ಬಯಲಿಗೆ ನೀರಿನೊಡನೆ ಮಲೇರಿಯವನ್ನೂ ತಂದಾಗ, ಹಗೆ ಯಾರೆಂಬುದು ತಿಳಿದಿದ್ದುದರಿಂದ, ನಿಂತ ನೀರನ್ನು ಹರಿಯಬಿಟ್ಟು ಮರಿಗಳನ್ನು ನಾಶಪಡಿಸುವ ಮಾರ್ಗ ಮುಂದಿತ್ತು. 1809ರಂತೆ ನೆಲವನ್ನೇ ತೊರೆಯಬೇಕಾಗಿರಲಿಲ್ಲ.

ಸೇನಾವೈದ್ಯರಾಗಬಯಸುವವರಿಗೆ ನಾಗಮಂಗಲ ತಾಲ್ಲೂಕಿನಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ವಿದ್ಯಾಲಯವಿದೆ, ಪುಣೆಯಲ್ಲಿ 1948ರಿಂದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿದೆ, ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಸೇನಾ ವೈದ್ಯಕೀಯ ದಳದ ಬಾಗಿಲೂ ತೆರೆದಿದೆ. ಕೃಷ್ಣರಾಜಪೇಟೆಯ ಕೆರೆಯೇರಿಗಳ ಮೇಲೆ ಆಡಿ ಬೆಳೆದು, ನೀರು ಅನ್ನವನ್ನೂ ರೋಗವನ್ನೂ ಕೊಡಬಲ್ಲುದೆಂಬುದನ್ನು ಕಣ್ಣಾರೆ ಕಂಡಿರುವ ನಮ್ಮ ಮಕ್ಕಳಿಗೆ, ರೋಗ ಬರುವ ಮುನ್ನವೇ ಅದರ ದಾರಿಯನ್ನು ಕಟ್ಟುವ ಈ ವೃತ್ತಿಗಿಂತ ಉಚಿತವಾದುದು ವಿರಳ.